ತಾನಾಗೇ ಮುಚ್ಚಿಕೊಂಡ ಪ್ಯಾರಾ

ಇವತ್ತು ಒಂದು ವೆಬ್ ಪುಟದಲ್ಲಿ ಪ್ಯಾರಾಗೆ ನೀಲಿ ಬಣ್ಣ ಕೊಟ್ಟಿದ್ದೆ. ಅದರೊಳಗೆ ಒಂದು ಚಿಕ್ಕ ಪಟ್ಟಿ (ಲಿಸ್ಟ್). ಪ್ಯಾರಾ ನೀಲಿ ಆಯ್ತು, ಪಟ್ಟಿ ಮಾತ್ರ ಕಪ್ಪಾಗೇ ಉಳಿಯಿತು.

ಪುಟದ ಬಣ್ಣ, ಅಂದ ಹೇಳುವ ಸಿಎಸ್‌ಎಸ್ ಕೋಡ್ ಪೂರ್ತಿ ಜಾಲಾಡಿದೆ. ಏನೂ ತಪ್ಪಿಲ್ಲ. ಕೊನೆಗೆ ಬ್ರೌಸರ್‌ನಲ್ಲಿ ಇನ್‌ಸ್ಪೆಕ್ಟ್ ಮಾಡಿ, ಅಂದರೆ ಪುಟದ ಒಳರಚನೆ ತೆರೆದು ನೋಡಿದರೆ, ಪಟ್ಟಿ ಪ್ಯಾರಾದ ಹೊರಗೆ ಕೂತಿದೆ! ಅದರ ಕೆಳಗೆ ಒಂದು ಖಾಲಿ ಪ್ಯಾರಾ ಬೇರೆ. ನಾನು ಬರೆದದ್ದೇ ಅಲ್ಲ ಅದು.

ವೆಬ್ ಪುಟ ಬರೆಯುವ ಭಾಷೆ ಎಚ್‌ಟಿಎಂಎಲ್‌ನ ನಿಯಮಗಳಿರುವ ಸ್ಟ್ಯಾಂಡರ್ಡ್ ತೆರೆದೆ. ಪಿ ಅಂದರೆ ಪ್ಯಾರಾದ ಟ್ಯಾಗ್ (ಗುರುತು); ಅದರ ಒಳಗೆ ಪಟ್ಟಿ ಇರುವಂತಿಲ್ಲ. ಪಟ್ಟಿ ಶುರುಮಾಡುವ ಯುಎಲ್ ಟ್ಯಾಗ್ ಕಂಡ ಕೂಡಲೇ ಪಿ ತಾನಾಗೇ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಕೊನೆಯಲ್ಲಿ ನಾನು ಹಾಕಿದ್ದ ಮುಚ್ಚುವ ಟ್ಯಾಗ್‌ಗೆ ಜೋಡಿಯೇ ಉಳಿದಿರಲಿಲ್ಲ. ಅಂಥ ಒಂಟಿ ಟ್ಯಾಗ್ ಸಿಕ್ಕರೆ ಖಾಲಿ ಪ್ಯಾರಾ ಮಾಡಬೇಕು ಅಂತಲೂ ಅಲ್ಲೇ ಬರೆದಿದ್ದಾರೆ.

ತಪ್ಪು ಬರೆದರೆ ಏನು ಮಾಡಬೇಕು ಅನ್ನೋದಕ್ಕೂ ನಿಯಮ! ಎಷ್ಟು ಕಾಳಜಿಯ ಕೆಲಸ ಅಲ್ವಾ? ಮೊದಲೆಲ್ಲ ಇಂಥ ತಪ್ಪು ಕಂಡರೆ ಒಂದೊಂದು ಬ್ರೌಸರ್ ಒಂದೊಂದು ಥರ ಊಹಿಸುತ್ತಿತ್ತು. ಎಚ್‌ಟಿಎಂಎಲ್5 ಬರೆಯುವಾಗ ಕೂತು, ಹೆಜ್ಜೆ ಹೆಜ್ಜೆಯಾಗಿ ಎಲ್ಲಾ ಬರೆದಿಟ್ಟರು. ನಿಜಕ್ಕೂ ತಾಳ್ಮೆ ಬೇಕು ಅದಕ್ಕೆ. ಈಗ ಆ ಸ್ಟ್ಯಾಂಡರ್ಡ್‌ಗೆ ವರ್ಷನ್ ನಂಬರ್ ಕೂಡ ಇಲ್ಲ, ತಿದ್ದುತ್ತಲೇ ಇರುತ್ತಾರೆ. ಅದರ ಪುಟದ ಮೇಲ್ಭಾಗದಲ್ಲಿ ಕೊನೆಯ ಸಲ ತಿದ್ದಿದ ದಿನಾಂಕ ಮಾತ್ರ ಇರುತ್ತದೆ.

ಪಟ್ಟಿಯನ್ನು ಹೊರಗೆ ತಂದೆ, ಎರಡನ್ನೂ ಒಂದು ಡಿವ್ (ಡಬ್ಬಿಯಂಥ ಟ್ಯಾಗ್) ಒಳಗೆ ಹಾಕಿ ಬಣ್ಣ ಅದಕ್ಕೆ ಕೊಟ್ಟೆ. ಸರಿಹೋಯ್ತು.

ಆಮೇಲೆ ಸುಮ್ನೆ, ವೆಬ್ ಕಂಡುಹಿಡಿದ ಟಿಮ್ ಬರ್ನರ್ಸ್-ಲೀ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಮಾಡಿದ ಮೊದಲ ವೆಬ್‌ಸೈಟ್‌ನ ಉಳಿಸಿಟ್ಟ ಪ್ರತಿ ತೆರೆದೆ. 1990ರ ದಶಕದ ಶುರುವಿನದು. ಇವತ್ತಿನ ಬ್ರೌಸರ್‌ನಲ್ಲೂ ಚೆನ್ನಾಗಿ ಓದಬಹುದು. ಆ ಪುಟದಲ್ಲಿ ಪಿ ಟ್ಯಾಗ್ ಮುಚ್ಚೇ ಇಲ್ಲ.