ನಕ್ಷತ್ರ ತಾನಾಗೇ ಅಲುಗಾಡಿದ್ರೆ?

ನವೆಂಬರ್ 18, 2025, ಮಂಗಳವಾರ

ಅಕ್ಕನ ಮಗಳ ಪ್ರಶ್ನೆ ಇನ್ನೂ ತಲೆಯಲ್ಲೇ ಕೂತಿದೆ. ಮಲಗೋಕೆ ಮುಂಚೆ ಬರೆದಿಡುತ್ತೇನೆ.

"ಚಿಕ್ಕಮ್ಮ, ಯಾರೂ ನೋಡಿಲ್ಲ ಅಂದ್ಮೇಲೆ ದೂರದ ನಕ್ಷತ್ರದ ಸುತ್ತ ಗ್ರಹ ಇದೆ ಅಂತ ಹೇಗೆ ಹೇಳ್ತಾರೆ?"

ಇದಕ್ಕೆ ಉತ್ತರ ಸಲೀಸಾಗಿ ಬಂತು. ಗ್ರಹದ ಎಳೆತಕ್ಕೆ ನಕ್ಷತ್ರವೂ ಒಂದು ಪುಟ್ಟ ಸುತ್ತು ಹಾಕುತ್ತದೆ. ಅದರ ಬೆಳಕನ್ನು ಬಣ್ಣಗಳಾಗಿ ಬಿಡಿಸಿದರೆ ನಡುವೆ ಸಾವಿರಾರು ಕಪ್ಪು ಗೆರೆಗಳು ಕಾಣುತ್ತವೆ. ನಕ್ಷತ್ರ ನಮ್ಮ ಕಡೆ ಬರುವಾಗ ಗೆರೆಗಳು ಒಂಚೂರು ನೀಲಿಯತ್ತ ಜರುಗುತ್ತವೆ, ದೂರ ಹೋಗುವಾಗ ಕೆಂಪಿನತ್ತ. 1995ರಲ್ಲಿ ಖಗೋಳ ವಿಜ್ಞಾನಿಗಳಾದ ಮಿಶೆಲ್ ಮೇಯರ್ ಮತ್ತು ಡಿಡಿಯೆ ಕೆಲೋ, 51 ಪೆಗಾಸಿ ಅನ್ನೋ ನಕ್ಷತ್ರದ ಗ್ರಹವನ್ನು ಹಿಡಿದದ್ದು ಹೀಗೇ. ನಾಲ್ಕು ದಿನ ಚಿಲ್ಲರೆಗೆ ಒಂದು ಸುತ್ತು. ನಕ್ಷತ್ರದ ವೇಗದಲ್ಲಿ ಸೆಕೆಂಡಿಗೆ 50 ಮೀಟರಿಗಿಂತ ಜಾಸ್ತಿ ಏರಿಳಿತ.

"ಸರಿ, ನಕ್ಷತ್ರ ತಾನಾಗೇ ಅಲುಗಾಡಿದ್ರೆ?"

ಎಂಥ ಪ್ರಶ್ನೆ! ದೊಡ್ಡ ದೊಡ್ಡವರ ನಿದ್ದೆ ಕೆಡಿಸಿರೋದು ಇದೇ. ನಕ್ಷತ್ರದ ಮೈ ಸದಾ ಕುದಿಯುತ್ತಿರುತ್ತದೆ. ಬಿಸಿ ಅನಿಲ ಮೇಲೇಳುತ್ತದೆ, ತಣಿದು ಇಳಿಯುತ್ತದೆ. ಜೊತೆಗೆ ಆ ಮೈಮೇಲೆ ಬಂದು ಹೋಗುವ ಕಪ್ಪು ಕಲೆಗಳು ಬೇರೆ. ಗುರುವಿನ ಎಳೆತಕ್ಕೆ ಸೂರ್ಯನ ವೇಗ ಬದಲಾಗೋದು ಸೆಕೆಂಡಿಗೆ ಸುಮಾರು 12 ಮೀಟರ್. ಭೂಮಿಯ ಎಳೆತಕ್ಕೆ? ಬರೀ 9 ಸೆಂಟಿಮೀಟರ್. ಕುದಿತದ ಗದ್ದಲ ಅದಕ್ಕಿಂತ ಎಷ್ಟೋ ಜಾಸ್ತಿ.

2012ರಲ್ಲಿ ಆಲ್ಫಾ ಸೆಂಟಾರಿ ಬಿ ಸುತ್ತ ಹೆಚ್ಚುಕಮ್ಮಿ ಭೂಮಿಯಷ್ಟೇ ತೂಕದ ಗ್ರಹ ಸಿಕ್ಕಿತು ಅಂತ ಪ್ರಕಟವಾಯ್ತು. ಅಷ್ಟು ಹತ್ತಿರದ ನಕ್ಷತ್ರ! 2015ರಲ್ಲಿ ಬೇರೆಯವರು ಅದೇ ಅಂಕಿಗಳನ್ನು ಮತ್ತೆ ಜಾಲಾಡಿದರು. ಗ್ರಹವೇ ಇಲ್ಲದ ಒಂದು ನಕ್ಷತ್ರವನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಅದೇ ಸಮಯಗಳಲ್ಲಿ ಅಳೆದಂತೆ ಲೆಕ್ಕ ಹಾಕಿದರು. ಅದೇ ಏರಿಳಿತ ಬಂತು. ಆ ಗ್ರಹ ಹೋದದ್ದಕ್ಕೆ ನನಗೆ ತುಂಬಾ ಬೇಜಾರಾಗಿತ್ತು. ಆದರೆ ಸಿಕ್ಕಿದ್ದನ್ನೂ ಹೀಗೆ ಅನುಮಾನಿಸಿ ನೋಡುವವರ ಮೇಲೆ ಗೌರವ ಹೆಚ್ಚಿತು.

ಗ್ರಹ ಎಳೆದರೆ ಗೆರೆಗಳೆಲ್ಲ ಆಕಾರ ಕೆಡದೆ ಒಟ್ಟಿಗೆ ಜರುಗುತ್ತವೆ, ಕಲೆ ಬಂದರೆ ಗೆರೆಯ ಆಕಾರವೇ ಓರೆಯಾಗುತ್ತದೆ ಅಂತ ಅವಳಿಗೆ ಹೇಳಿದೆ.

"ಹಾಗಾದ್ರೆ ಸುಲಭ ಅಲ್ವಾ?"

ದೊಡ್ಡ ಕಲೆಯಾದರೆ ಹೌದು. 9 ಸೆಂಟಿಮೀಟರ್ ಹುಡುಕುವಾಗ ಆ ಓರೆಯೂ ಕೈಗೆ ಸಿಗದಷ್ಟು ಚಿಕ್ಕದು. ಒಂದೇ ನಕ್ಷತ್ರವನ್ನು ಬಿಡದೆ ವರ್ಷಗಟ್ಟಲೆ ನೋಡಬೇಕು. ಕಲೆಗಳು ಬಂದು ಹೋಗುತ್ತವೆ, ಗ್ರಹದ ತಾಳ ತಪ್ಪೋದಿಲ್ಲ. ಆದರೆ ಕಲೆಗಳು ಹೆಚ್ಚಾಗಿ ಕಡಿಮೆಯಾಗೋದಕ್ಕೂ ಒಂದು ತಾಳ ಇದೆಯಲ್ಲ, ಸೂರ್ಯನಲ್ಲಿ ಸುಮಾರು 11 ವರ್ಷ. ಅದನ್ನು ಲೆಕ್ಕದಿಂದ ಕಳೆಯಬೇಕು ಅಂದರೆ ಮೊದಲು...