ಯಕ್ಷಗಾನದ ಹಳೆ ಕ್ಯಾಸೆಟ್ಟು ಬೂಷ್ಟಿಗೆ ಬಲಿಯಾಗುವ ಮೊದಲು

ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯ ಹಳೆ ಮನೆಗಳ ಅಟ್ಟದಲ್ಲಿ ಕ್ಯಾಸೆಟ್ಟಿನ ಪೆಟ್ಟಿಗೆ ಇನ್ನೂ ಸಿಗುತ್ತದೆ. ಅದರಲ್ಲಿ ಎರಡು ಜಾತಿ. ಅಂಗಡಿಯಿಂದ ತಂದ ಸಿನಿಮಾ ಹಾಡು, ಭಾವಗೀತೆ, ಭಕ್ತಿಗೀತೆಗಳದ್ದು ಒಂದು. ಯಕ್ಷಗಾನದ ಆಟದ ರಂಗಸ್ಥಳದ ಪಕ್ಕದಲ್ಲೋ, ವೇಷವಿಲ್ಲದೆ ಕೂತು ಪದ-ಮಾತಿನಲ್ಲೇ ನಡೆಸುವ ತಾಳಮದ್ದಳೆಯ ಚಾವಡಿಯಲ್ಲೋ ಟೇಪ್ ರೆಕಾರ್ಡರ್ ಇಟ್ಟು ಮನೆಯವರೇ ತುಂಬಿಸಿಕೊಂಡದ್ದು ಇನ್ನೊಂದು. ಮೊದಲನೆಯದು ಬಹುಪಾಲು ಈಗ ಮೊಬೈಲಿನಲ್ಲೇ ಸಿಗುತ್ತದೆ. ಎರಡನೆಯದಕ್ಕೆ ಸಾಮಾನ್ಯವಾಗಿ ಇನ್ನೊಂದು ಪ್ರತಿಯೇ ಇರುವುದಿಲ್ಲ. ಕಂಪ್ಯೂಟರಿಗೆ ಇಳಿಸುವ ಕೆಲಸ ಇದರಿಂದಲೇ ಶುರುವಾಗಬೇಕು.

ಹಳೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಪದಗಳು ಅಚ್ಚಿನಲ್ಲಿವೆ, ಮೇಳಗಳಲ್ಲಿ ಇಂದಿಗೂ ಹಾಡುತ್ತಾರೆ. ಅವು ಎಲ್ಲಿಗೂ ಹೋಗುವುದಿಲ್ಲ. ಹೋಗುವುದು ಆ ರಾತ್ರಿ ಆ ಭಾಗವತರು, ಅಂದರೆ ಹಾಡುವವರು, ಪದ ಎತ್ತಿದ ರೀತಿ. ಬಲಿಪ ನಾರಾಯಣ ಭಾಗವತರು (1938–2023) ಹೇಳಿದ ಪದವನ್ನು ಇಲ್ಲಿಯ ಕೇಳುಗರು ಎರಡು ಸಾಲಿನಲ್ಲೇ ಗುರುತು ಹಿಡಿಯುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥವೂ, ಅಂದರೆ ಪಾತ್ರವಾಗಿ ಆಡುವ ಮಾತೂ, ಹಾಗೆಯೇ. ತಾಳಮದ್ದಳೆಯ ಮಾತು ಕೂತಲ್ಲೇ ಹುಟ್ಟುವಂಥದ್ದು, ಮರುದಿನ ಅದೇ ಪ್ರಸಂಗಕ್ಕೆ ಅದೇ ಮಾತು ಬರುವುದಿಲ್ಲ. ಸದ್ದು ಎಷ್ಟೇ ಗೊರಗೊರ ಅಂದರೂ ಜನ ಈ ಕ್ಯಾಸೆಟ್ಟುಗಳನ್ನು ಎಸೆಯದಿರುವುದು ಇದಕ್ಕೇ.

ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಡಿಸೆಂಬರಿನಿಂದ ಮಾರ್ಚ್‌ವರೆಗಿನ ಒಣಹವೆ ಒಳ್ಳೆಯದು. ಮೊದಲು ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ನಡುವಿನ ಕಿಂಡಿಯಲ್ಲಿ ಸುರುಳಿಯ ಅಂಚು ನೋಡಿ. ಅಲ್ಲಿ ಬಿಳಿ ಹುಡಿಯೋ ನೂಲೋ ಕಂಡರೆ ಅದು ಬೂಷ್ಟು. ಹಾಗೇ ಪ್ಲೇ ಮಾಡಿದರೆ ಅದು ಯಂತ್ರದ ಹೆಡ್ಡಿಗೆ (ಟೇಪಿನ ಸದ್ದು ಓದುವ ಭಾಗ) ಅಂಟಿ, ಆಮೇಲೆ ಹಾಕುವ ಎಲ್ಲ ಕ್ಯಾಸೆಟ್ಟಿಗೂ ಹಬ್ಬುತ್ತದೆ. ಸುತ್ತುಗಳು ಅಂಟಿಕೊಂಡಿದ್ದರೆ ಟೇಪೇ ತುಂಡಾಗುತ್ತದೆ. ಅಂಥದ್ದನ್ನು ಸಿಲಿಕಾ ಜೆಲ್ ಪೊಟ್ಟಣಗಳ ಜತೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ವಾರ ಇಡಿ. ಬಿಸಿಲಿಗೆ ಮಾತ್ರ ಇಡಬೇಡಿ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಒಣಗಿದ ಮೇಲೆ ಮುಖಕ್ಕೆ ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ ಕೂತು, ಮೆತ್ತನೆಯ ಬ್ರಶ್ಶಿನಿಂದ ಅಂಚನ್ನು ಒರಸಬೇಕು. ಐದು ಸ್ಕ್ರೂ ಇರುವ ಕ್ಯಾಸೆಟ್ಟಾದರೆ ಬಿಚ್ಚಿ, ಎರಡೂ ಸುರುಳಿಗಳನ್ನು ಹೊಸ ಖಾಲಿ ಕ್ಯಾಸೆಟ್ಟಿನ ಹೊಟ್ಟೆಗೆ ಹಾಕುವುದೇ ಮೇಲು. ಟೇಪಿನ ಹಿಂದೆ ಲೋಹದ ಪಟ್ಟಿಯ ಮೇಲೆ ಬಟಾಣಿಗಿಂತ ಚಿಕ್ಕ ಫೆಲ್ಟ್ ತುಂಡೊಂದು ಇರುತ್ತದೆ. ಗೋಂದು ಒಣಗಿ ಅದು ಬಿದ್ದುಹೋದರೆ ಟೇಪು ಹೆಡ್ಡಿಗೆ ಒತ್ತಿ ಕೂರುವುದಿಲ್ಲ, ಸದ್ದು ಮಂಕಾಗುತ್ತದೆ. ಕ್ಯಾಸೆಟ್ಟೇ ಹಾಳಾಯಿತೆಂದು ಬಿಡುವ ಮೊದಲು ಅದೊಂದನ್ನು ನೋಡಿ. ತುಂಡಾದ ಟೇಪಿಗೆ ಸೆಲ್ಲೋ ಟೇಪ್ ಹಾಕಬಾರದು, ಅದರ ಅಂಟು ಒಸರಿ ಪಕ್ಕದ ಸುತ್ತನ್ನೂ ಹಿಡಿಯುತ್ತದೆ. ಸ್ಪ್ಲೈಸಿಂಗ್ ಟೇಪನ್ನೇ ತರಿಸಿ, ಹೆಡ್ಡಿಗೆ ತಾಗದ ಬದಿಗೆ ಹಚ್ಚಬೇಕು.

ಡೆಕ್ಕಿನ ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿ ಕಡ್ಡಿಯಿಂದ ಒರಸಿ. ರಬ್ಬರ್ ರೋಲರಿಗೆ ಸೋಪು ನೀರಿನ ಒದ್ದೆ ಬಟ್ಟೆ ಸಾಕು. ಗೊರಗೊರ ತಗ್ಗಿಸುವ ಡಾಲ್ಬಿ ಸ್ವಿಚ್ ಆಫ್ ಇರಲಿ, ಮನೆಯ ರೆಕಾರ್ಡಿಂಗಿಗೆ ಅದನ್ನು ಹಾಕಿದರೆ ಮೇಲಿನ ಸ್ವರಗಳೆಲ್ಲ ಸತ್ತುಹೋಗುತ್ತವೆ.

ಹೆಚ್ಚಿನವರು ಬಿಟ್ಟುಬಿಡುವ ಕೆಲಸ ಅಜಿಮತ್, ಅಂದರೆ ಹೆಡ್ಡಿನ ಓರೆ, ಹೊಂದಿಸುವುದು. ರೆಕಾರ್ಡ್ ಮಾಡಿದ ಯಂತ್ರದ ಹೆಡ್ಡು ಕೂದಲೆಳೆಯಷ್ಟು ಓರೆ ಇದ್ದರೆ, ಸರಿಯಾಗಿ ನಿಂತ ಹೆಡ್ಡಿನಲ್ಲಿ ಆ ಟೇಪು ಕಂಬಳಿ ಹೊದ್ದ ಹಾಗೆ ಕೇಳುತ್ತದೆ. ಹೆಡ್ಡಿನ ಪಕ್ಕ ಸ್ಪ್ರಿಂಗ್ ಇರುವ ಒಂದು ಪುಟ್ಟ ಸ್ಕ್ರೂ ಇದೆ. ಟೇಪು ಓಡುತ್ತಿರುವಾಗಲೇ ಅದನ್ನು ತೀರಾ ನಿಧಾನಕ್ಕೆ, ಕಾಲು ಸುತ್ತಿನ ಒಳಗೇ, ಆಚೆ ಈಚೆ ತಿರುಗಿಸಿ. ಕಿವಿ ಇಡಬೇಕಾದದ್ದು ಭಾಗವತರ ಸ್ವರಕ್ಕಲ್ಲ, ಚಕ್ರತಾಳಕ್ಕೆ. ಸರಿಯಾದ ಜಾಗಕ್ಕೆ ಬಂದಾಗ ತಾಳದ ‘ಝಣ್’ ಒಮ್ಮೆಗೇ ತೆರೆದುಕೊಳ್ಳುತ್ತದೆ. ಮದ್ದಳೆಯ ಬೆರಳುಗಳು ಬಿಡಿಬಿಡಿಯಾಗಿ ಕೇಳುತ್ತವೆ. ಪ್ರತಿ ಕ್ಯಾಸೆಟ್ಟಿಗೂ ಇದನ್ನು ಹೊಸದಾಗಿ ಮಾಡಬೇಕು.

ಲ್ಯಾಪ್‌ಟಾಪಿನ ಮೈಕ್ ತೂತಿಗೆ ವಯರು ಚುಚ್ಚಬೇಡಿ, ಒಡಕು ಸದ್ದು ಬರುತ್ತದೆ. ಲೈನ್ ಇನ್ ಇರುವ ಯುಎಸ್‌ಬಿ ಸೌಂಡ್ ಕಾರ್ಡು ಬೇಕು. ಆಡಾಸಿಟಿ ಎಂಬ ಸಾಫ್ಟ್‌ವೇರಿನಲ್ಲಿ 48 ಕಿಲೋಹರ್ಟ್ಸ್, 24 ಬಿಟ್ ವೇವ್ ಕಡತ ಇಟ್ಟರೆ ಒಂದು ಗಂಟೆಗೆ ಸುಮಾರು 1 ಜಿಬಿ. ಲೆವೆಲನ್ನು ಚೆಂಡೆ ಇಲ್ಲದ ಮೆಲ್ಲನೆಯ ಪದ ಕೇಳಿ ಇಟ್ಟರೆ ಯುದ್ಧದ ಪದಕ್ಕೆ ಚೆಂಡೆ ಬಿದ್ದಾಗ ಒಡೆದುಹೋಗುತ್ತದೆ. ಟೇಪನ್ನು ಮುಂದೆ ಓಡಿಸಿ ಚೆಂಡೆಯ ಏರು ಹುಡುಕಿ, ಅಲ್ಲಿ −6 ಡೆಸಿಬೆಲ್ ದಾಟದಂತೆ ಇಡಿ. ಚೆಂಡೆ ಬಿದ್ದ ಮೇಲೆ ಸ್ವರ ಕುಗ್ಗಿ ಮೆಲ್ಲಗೆ ಮೇಲೇಳುವುದು ಹಳೆ ಟೇಪ್ ರೆಕಾರ್ಡರಿನ ಆಟೋ ಲೆವೆಲ್ ಮಾಡಿದ ಕೆಲಸ. ಅದನ್ನು ತಿದ್ದಲು ಹೋಗದಿರುವುದು ಒಳ್ಳೆಯದು.

ವೇಗದ ತೊಂದರೆ ಇದಕ್ಕಿಂತ ದೊಡ್ಡದು. ಬ್ಯಾಟರಿಯಲ್ಲಿ ಓಡಿದ ಟೇಪ್ ರೆಕಾರ್ಡರ್ ಬೆಳಗಿನ ಜಾವಕ್ಕೆ ನಿಧಾನವಾಗಿರುತ್ತದೆ. ಈಗ ಸರಿ ವೇಗದಲ್ಲಿ ಹಾಕಿದರೆ ಭಾಗವತರ ಶ್ರುತಿ ಏರಿ, ಕಾಲವೂ ಓಡುತ್ತದೆ. ಅವರು ಹಾಡುತ್ತಿದ್ದ ಮನೆ (ಹಾರ್ಮೋನಿಯಂನ ಕೀಲಿ) ಕಪ್ಪು ಒಂದೋ ಎರಡೋ ಎಂಬುದು ಗೊತ್ತಿದ್ದವರನ್ನು ಕೇಳಿ, ಹಾರ್ಮೋನಿಯಂ ಹಿಡಿದು ತಾಳೆ ನೋಡಿ. ಬಿಳಿ ಕಪ್ಪು ಎರಡನ್ನೂ ಎಣಿಸಿ ಒಂದು ಮನೆಯ ವ್ಯತ್ಯಾಸವೆಂದರೆ ವೇಗದಲ್ಲಿ ಸುಮಾರು 6 ಶೇಕಡಾ. ಕರೆಂಟಿನಲ್ಲಿ ಓಡಿದ ಯಂತ್ರವಾದರೆ ಟೇಪಿನಲ್ಲೇ ಅಳತೆಗೋಲು ಇರುತ್ತದೆ: ನಮ್ಮ ಕರೆಂಟಿನ ಗುಂಯ್‌ಗುಟ್ಟುವಿಕೆ 50 ಹರ್ಟ್ಸ್. ಆಡಾಸಿಟಿಯ ಸ್ಪೆಕ್ಟ್ರಮ್ಮಿನಲ್ಲಿ ಸೈಜ್ 65536 ಇಟ್ಟು ನೋಡಿದಾಗ ಅದು 52ರಲ್ಲಿ ಕಂಡರೆ ವೇಗವನ್ನು 3.8 ಶೇಕಡಾ ಇಳಿಸಿ. ಟೇಪು ನಿಲ್ಲಿಸಿದ ಮೇಲೂ ಉಳಿಯುವ ಗುಂಯ್ ನಿಮ್ಮ ಈಗಿನ ವಯರಿನದ್ದು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆಟಕ್ಕೆ ಜನರೇಟರ್ ಇಟ್ಟಿದ್ದರೆ ಈ ಲೆಕ್ಕವೇ ನಿಲ್ಲುವುದಿಲ್ಲ, ಶ್ರುತಿಯೇ ಗತಿ.

ನಾಯ್ಸ್ ರಿಡಕ್ಷನ್ ಕಂಡರೆ ಎಲ್ಲರಿಗೂ ಆಸೆ. ಆದರೆ ಅದು ಒಂದೇ ಸಮನೆ ಬರುವ ಸದ್ದನ್ನೆಲ್ಲ ಕಸ ಎಂದು ತಿಳಿಯುತ್ತದೆ, ಮತ್ತು ಹಿಮ್ಮೇಳದಲ್ಲಿ ಒಂದೇ ಸಮನೆ ಬರುವುದು ಶ್ರುತಿ. 20 ಡೆಸಿಬೆಲ್ ಇಳಿಸಿದರೆ ಭಾಗವತರು ನೀರೊಳಗೆ ಕೂತು ಹಾಡಿದ ಹಾಗಾಗುತ್ತದೆ. 6ಕ್ಕೆ ನಿಲ್ಲಿಸಿ. ತಿದ್ದದ ಮೂಲ ಕಡತವನ್ನು ಬೇರೆಯೇ ಇಡಿ, ಎರಡು ಹಾರ್ಡ್ ಡಿಸ್ಕಿನಲ್ಲಿ, ಒಂದು ಬೇರೆ ಮನೆಯಲ್ಲಿ.

ಕಡತಕ್ಕೆ ‘ಯಕ್ಷಗಾನ 1’ ಎಂದು ಹೆಸರಿಟ್ಟರೆ ಅಟ್ಟದಲ್ಲಿ ಇಟ್ಟದ್ದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ವರ್ಷ, ಊರು, ಪ್ರಸಂಗ, ಭಾಗವತರು, ಚೆಂಡೆ, ಮದ್ದಳೆ, ಅರ್ಥಧಾರಿಗಳು, ಇಷ್ಟೂ ಬೇಕು. ಕ್ಯಾಸೆಟ್ಟಿನ ಚೀಟಿಯ ಫೋಟೋವನ್ನೂ ಜತೆಗಿಡಿ. ಚೀಟಿ ಮಾಸಿದ್ದರೆ ಐದು ನಿಮಿಷದ ತುಂಡನ್ನು ಊರಿನ ಹಿರಿಯರಿಗೆ ಕಳಿಸಿ. ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿಯೇ ಕಳಿಸಿ. ‘ಮದ್ದಳೆ ಯಾರದ್ದು?’ ಎಂದು ಕೇಳುವಾಗ ಅವರಿಗೆ ಆ ಬೆರಳು ಸರಿಯಾಗಿ ಕೇಳಬೇಕು.