ಫರಾಮಿರ್‌ಗೆ ಅನ್ಯಾಯವಾಯಿತು

ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಅನ್ನು ನಾಲ್ಕನೆಯ ಸಲ ಓದಿ ಮುಗಿಸಿದ ವಾರವೇ ಅದನ್ನಾಧರಿಸಿದ ಪೀಟರ್ ಜಾಕ್ಸನ್ ಅವರ ಮೂರೂ ಚಿತ್ರಗಳನ್ನು ಮತ್ತೆ ನೋಡಿದೆ. ಪುಸ್ತಕದ ಕಾಡಿನ ವಿಚಿತ್ರ ವ್ಯಕ್ತಿ ಟಾಮ್ ಬಾಂಬಡಿಲ್ ಚಿತ್ರದಲ್ಲಿ ಕಾಣಿಸದಿದ್ದುದಕ್ಕೆ ನನಗೆ ಬೇಸರವಿಲ್ಲ. ಕಥೆ ಓಡಬೇಕಾದ ಹೊತ್ತಿನಲ್ಲಿ ಅವನು ಚಿತ್ರವನ್ನು ನಿಲ್ಲಿಸಿಬಿಡುತ್ತಿದ್ದ.

ನನ್ನ ಸಂಕಟವೆಲ್ಲ ಗೊಂಡೋರ್ ರಾಜ್ಯದ ದಳಪತಿ ಫರಾಮಿರ್‌ನದು. ಕಾದಂಬರಿಯಲ್ಲಿ ಫ್ರೋಡೋ ಹೊತ್ತು ನಡೆದಿರುವ, ಮನಸ್ಸು ಕೆಡಿಸುವ ಮಾಯಾ ಉಂಗುರದ ಗುಟ್ಟನ್ನು ಅವನ ಸಂಗಾತಿ ಸ್ಯಾಮ್ ಬಾಯಿತಪ್ಪಿ ಫರಾಮಿರ್ ಎದುರು ಹೇಳಿಬಿಡುತ್ತಾನೆ. ಫರಾಮಿರ್ ಎದ್ದು ನಿಲ್ಲುತ್ತಾನೆ, ಹಾಬಿಟ್ ಎಂಬ ಗಿಡ್ಡ ಜನಾಂಗದ ಆ ಇಬ್ಬರೂ ಗೋಡೆಗೆ ಬೆನ್ನು ಕೊಟ್ಟು ಕತ್ತಿಗೆ ಕೈ ಹಾಕುತ್ತಾರೆ. ಓದುವಾಗ ಪ್ರತಿ ಸಲವೂ ನನ್ನ ಉಸಿರು ಬಿಗಿಯಾಗುತ್ತದೆ. ಆಗ ಅವನು ಮತ್ತೆ ಕುಳಿತು ಮೆಲ್ಲಗೆ ನಗುತ್ತಾನೆ! ಅಣ್ಣನನ್ನು ಕೆಡಿಸಿದ ವಸ್ತು ಕೈಗೆಟುಕುವಷ್ಟು ಹತ್ತಿರವಿದ್ದರೂ ಅವನಿಗೆ ಅದು ಬೇಡ. 2002ರ ಚಿತ್ರದಲ್ಲಿ ಅವನೇ ಫ್ರೋಡೋನನ್ನು ಪಾಳುನಗರ ಓಸ್ಗಿಲಿಯಾತ್‌ವರೆಗೆ ಎಳೆದೊಯ್ಯುತ್ತಾನೆ. ಕೊನೆಗೆ ಬಿಟ್ಟುಕೊಡುತ್ತಾನೆ, ನಿಜ. ಆದರೆ ಆ ನಗುವಿನ ಹಿರಿಮೆ ಅಲ್ಲಿ ಇಲ್ಲ.

ಹಾಗೆಂದು ಚಿತ್ರ ಕೊಟ್ಟದ್ದನ್ನು ಮರೆಯಲಾರೆ. ಪುಸ್ತಕದಲ್ಲಿ ಗೊಂಡೋರ್‌ನ ಸಂಕೇತದ ಬೆಂಕಿಗಳು ಕೆಲವೇ ಸಾಲುಗಳಲ್ಲಿ ಮುಗಿಯುತ್ತವೆ. ತೆರೆಯ ಮೇಲೆ ಹಿಮದ ಶಿಖರದಿಂದ ಶಿಖರಕ್ಕೆ ಜ್ವಾಲೆ ಹಾರುತ್ತದೆ, ಜೊತೆಗೆ ಹೊವರ್ಡ್ ಶೋರ್ ಸಂಗೀತ ಏರುತ್ತದೆ. ಕಣ್ಣು ತುಂಬಿ ಬಂತು.

ಇನ್ನು ಹಾಬಿಟ್‌ಗಳ ತವರು ಶೈರ್. ಚಿತ್ರದಲ್ಲಿ ಫ್ರೋಡೋ, ಸ್ಯಾಮ್ ಸೇರಿ ನಾಲ್ವರು ಹಾಬಿಟ್‌ಗಳೂ ಮರಳಿದಾಗ ಊರು ಹಾಗೆಯೇ ಹಸಿರಾಗಿದೆ. ಪುಸ್ತಕದಲ್ಲಿ ಮರಗಳು ಉರುಳಿವೆ, ಸ್ಯಾಮ್ ಅಳುತ್ತಾನೆ, ಆಮೇಲೆ ಎಲ್ಫ್ ಕುಲದ ಒಡತಿ ಗಲಾಡ್ರಿಯಲ್ ಕೊಟ್ಟ ಪುಟ್ಟ ಪೆಟ್ಟಿಗೆಯ ಮಣ್ಣನ್ನು ಊರಿಗೆಲ್ಲ ಹಂಚಿ, ಅದರೊಳಗಿದ್ದ ಒಂದೇ ಒಂದು ಬೀಜವನ್ನು ಬಿತ್ತುತ್ತಾನೆ. ಆ ಮರವನ್ನು ತೆರೆಯ ಮೇಲೆ ಒಮ್ಮೆ ನೋಡಬೇಕೆಂದು ನಾನು ಬಹಳ ಆಸೆಪಟ್ಟಿದ್ದೆ.